ಸೊಸೆಗೆ ಎಂಟು, ಅತ್ತೆಗೆ ನಾಕು

ಸ್ವಲ್ಪ ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳೋ ಮಾತಲ್ಲ ಇದು. ಕೇಳಿ ಇಲ್ಲೇ ಮರೆತುಬಿಡಬೇಕು. ಅಜ್ಜಂಪುರದ ಕಡೆಯೋರು ಸಿಕ್ಕರೆ ನನ್ನ ಹೆಸರು ಎತ್ತಕೂಡದು, ಶಿವನಾಣೆ. ನಾನು ಓದಿದ್ದು ಎರಡನೇ ಕ್ಲಾಸು, ಆದರೆ ಕಣ್ಣು ಕಿವಿ ದೇವರು ಧಾರಾಳವಾಗಿ ಕೊಟ್ಟಿದಾನೆ. ಹೆಂಗಸರು ಕವಡೆ ಹಿಡಿದು ಕೂತ ಕಡೆ ಏನಾದರೂ ಒಂದು ನಡೀತಾನೇ ಇರುತ್ತೆ. ನೋಡಿದ್ದನ್ನ ಹೊಟ್ಟೇಲಿ ಇಟ್ಟುಕೊಂಡರೆ ನನಗೆ ಅನ್ನ ಅರಗಲ್ಲ.

ರೂಲು ಹುಟ್ಟಿದ್ದು

ಎಪ್ಪತ್ತೈದು ಎಪ್ಪತ್ತಾರರ ಮಾತು. ನಮ್ಮ ಪಕ್ಕದ ಮನೆ ಕೊಬ್ಬರಿ ಮಂಡಿ ಸಾವ್ಕಾರರದು. ಮಧ್ಯಾಹ್ನ ಗಂಡಸರು ಮಂಡಿಗೆ ಹೋದರು ಅಂದರೆ ಅವರ ಜಗಲಿ ನಮ್ಮದು. ಕಲ್ಲಿನ ಮೇಲೇ ಚೌಕಾಬಾರದ ಮನೆ ಕೆತ್ತಿಸಿದ್ದರು. ನಾಲ್ಕು ಕವಡೆ ಎಸೆದು, ಬಿದ್ದ ಗರದಷ್ಟು ಕಾಯಿ ನಡೆಸಿ, ಸುತ್ತು ಮುಗಿಸಿ ನಡುಮನೆಗೆ ಹೋದರೆ ಕಾಯಿ ಹಣ್ಣು. ದಾರೀಲಿ ಯಾರಾದರೂ ಮೇಲೆ ಬಂದು ಕಡಿದರೆ ಸತ್ತಿತು, ಮತ್ತೆ ಮೊದಲಿಂದ ಬರಬೇಕು.

ಸಾವ್ಕಾರ್ತಿಗೆ ಸೋಲು ಅಂದರೆ ಮೈಯೆಲ್ಲ ಉರಿ. ಒಂದು ದಿನ ಅವಳ ಕಾಯಿ ಇನ್ನೇನು ಹಣ್ಣಾಗಬೇಕು, ಎದುರು ಮನೆ ಮೇಷ್ಟ್ರ ಹೆಂಡ್ತಿ ಕಡಿದುಬಿಟ್ಟಳು. ಸಾವ್ಕಾರ್ತಿ ಕಾಯಿ ಮೇಲಿಂದ ಕೈ ತೆಗೀಲಿಲ್ಲ.

"ಸಾಯೋರ ಬಾಯಿಗೂ ಒಂದು ಹನಿ ನೀರು ಬಿಡ್ತಾರೆ ಕಣ್ರೇ. ನನ್ನ ಕಾಯಿಗೆ ಒಂದು ಗರ ಬೇಡ್ವಾ?"

ಹಂಗೆ ಹುಟ್ಟಿತು ಉಳಿಸೋ ಗರ. ಕಡಿಸಿಕೊಂಡೋರು ಒಂದು ಸಲ ಕವಡೆ ಎಸೀಬೇಕು. ನಾಲ್ಕೂ ಅಂಗಾತ ಬಿದ್ದರೆ ನಾಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಎರಡರಲ್ಲಿ ಯಾವುದು ಬಿದ್ದರೂ ಕಾಯಿ ಬದುಕಿತು. ಸಾವ್ಕಾರ್ತಿ ಎಸೆದಳು, ಬಿದ್ದಿದ್ದು ಎರಡು.

"ಇದು ರೂಲು ಸರಿ ಇದೆಯಾ ಅಂತ ನೋಡಿದ್ದು," ಅಂದು ಮತ್ತೆ ಎಸೆದಳು.

ಸಾವೇ ಇಲ್ಲದ ಆಟ

ಎರಡೇ ದಿನಕ್ಕೆ ಅವಳಿಗೆ ನಾಕೂ ಸಾಲದಾಯಿತು. "ಮೂರು ಬಿದ್ದರೂ ಉಳೀಲಿ." ಆಮೇಲೆ, "ಪಾಪ, ಎರಡಕ್ಕೂ ಉಳೀಲಿ." ಇನ್ನು ಸಾಯೋದು ಯಾರು? ಎಲ್ಲರ ಕಾಯೂ ಜಾತ್ರೆಗೆ ಬಂದ ನೆಂಟರ ಹಂಗೆ ಅಲ್ಲೇ ಠಿಕಾಣಿ ಹೂಡಿದವು. ಊಟ ಮಾಡಿ ಶುರು ಮಾಡಿದ ಆಟ ದೀಪ ಹಚ್ಚೋ ಹೊತ್ತಾದರೂ ಮುಗೀಲಿಲ್ಲ. ನಮ್ಮನೇಲಿ ಹಾಲು ಉಕ್ಕಿ ಒಲೆ ಆರಿತು. ಮೇಷ್ಟ್ರು ಸ್ಕೂಲಿಂದ ಬಂದು ಕಾಫಿ ಇಲ್ಲದೆ ನಮ್ಮನ್ನೇ ನೋಡುತ್ತಾ ಬೀದೀಲಿ ನಿಂತಿದ್ದರು.

ರೈಲ್ವೇಲಿ ಕೆಲಸ ಮಾಡೋ ನಮ್ಮ ಯಜಮಾನರು ಡ್ಯೂಟಿ ಮುಗಿಸಿ ಬಂದು, "ಹುಬ್ಬಳ್ಳಿ ಗಾಡಿ ಬಂದು ಹೋಯ್ತು. ನಿಮ್ಮ ಕಾಯಿ ಇನ್ನೂ ಹೊರಟಿಲ್ವೇನೇ?" ಅಂದರು.

ಸರಿ, ಮಾರನೇ ದಿನ ಎಂಟು ಬಿದ್ದರೆ ಮಾತ್ರ ಉಳೀಲಿ ಅಂತ ನಾವೇ ಬಿಗಿ ಮಾಡಿದೆವು. ಎಂಟು ಎಲ್ಲಿ ಬೀಳಬೇಕು? ಒಂದು ಕಾಯೂ ಉಳೀದೆ ಮೇಷ್ಟ್ರ ಹೆಂಡ್ತಿ ಕಣ್ಣೀರು ಹಾಕಿಕೊಂಡು ಮನೆಗೆ ಹೋದಳು. ಅವತ್ತು ಮೇಷ್ಟ್ರಿಗೆ ಹೊತ್ತಿಗೆ ಸರಿಯಾಗಿ ಕಾಫಿ ಸಿಕ್ಕಿತು. "ಈ ರೂಲು ಚೆನ್ನಾಗಿದೆ," ಅಂದರಂತೆ.

ಅಯ್ನೋರ ತೀರ್ಪು

ಅಷ್ಟರಲ್ಲಿ ಸಾವ್ಕಾರ್ತಿ ಮಗನಿಗೆ ಮದುವೆಯಾಗಿ ತರೀಕೆರೆಯಿಂದ ಸೊಸೆ ಬಂದಳು. ಬಾಯಿ ಕಮ್ಮಿ, ಕವಡೆ ಮಾತ್ರ ಅವಳ ಕೈ ಮಾತು ಕೇಳ್ತಿತ್ತು. ಅವಳು ಗೆಲ್ಲೋದಕ್ಕೆ ಶುರು ಮಾಡಿದ್ದೇ ತಡ, ಸಾವ್ಕಾರ್ತಿ ಹೊಸ ಕಾನೂನು ತಂದಳು: "ಅತ್ತೇರಿಗೆ ನಾಕು ಬಿದ್ದರೂ ಉಳೀತು, ಎಂಟು ಬಿದ್ದರೂ ಉಳೀತು. ಸೊಸೇರಿಗೆ ಎಂಟೇ ಬೀಳಬೇಕು. ನಮಗೆ ವಯಸ್ಸಾಗಿದೆ, ಪೆಟ್ಟು ತಡೆಯೋದು ಕಲಿತಿದೀವಿ. ಅವರಿನ್ನೂ ಕಲೀಬೇಕು."

ಅದೇ ಹೊತ್ತಿಗೆ ಮಠದ ಅಯ್ನೋರು ಅವರ ಮನೆಗೆ ಬಿನ್ನಹದ ಊಟಕ್ಕೆ ಬಂದರು. ನಾನೇ ಕೇಳಿದೆ, ಇದು ನ್ಯಾಯವಾ ಅಂತ. ಅವರು ಕಲ್ಲು ನೋಡಿ, ಕವಡೆ ನೋಡಿ, "ಶಿವನ ಮುಂದೆ ಎಲ್ಲರೂ ಒಂದೇ, ತಾಯಿ," ಅಂದರು.

ಸಾವ್ಕಾರ್ತಿ ಕೈ ಮುಗಿದಳು. "ನಿಜ, ಬುದ್ಧಿ. ಶಿವನ ಮುಂದೆ ಒಂದೇ. ಇದು ನನ್ನ ಜಗಲಿ."

ಹೊಸಿಲ ಮೇಲೆ

ತರೀಕೆರೇಲಿ ಸೊಸೆಯ ತಂಗಿ ಮದುವೆ ನಿಶ್ಚಯವಾಯಿತು. ಚಪ್ಪರ ಹಾಕೋ ಮೊದಲೇ ಹೋಗಬೇಕು ಅಂತ ಹುಡುಗಿಗೆ ಆಸೆ. ಅತ್ತೆ ಸುತರಾಂ ಒಪ್ಪಲಿಲ್ಲ. "ಧಾರೆ ದಿನ ಎಲ್ಲರ ಜೊತೆ ಹೋಗಿ ಸಂಜೆ ಬಸ್ಸಿಗೆ ಬಾ. ನನ್ನ ತಂಗಿ ಮದುವೆಗೆ ನಮ್ಮತ್ತೆ ಕಳಿಸಿದ್ರಾ? ನಾನೇನು ಸತ್ತೋದ್ನಾ?" ಹುಡುಗಿ ಮೂರು ಹೊತ್ತೂ ಕಣ್ಣು ಒರೆಸಿಕೊಂಡೇ ರೊಟ್ಟಿ ತಟ್ಟಿದಳು. ಕೊನೆಗೆ ಅತ್ತೆ ಜಂಬಕ್ಕೆ ಒಂದು ಮಾತು ಬಿಟ್ಟಳು: "ನಾಳೆ ಆಟದಲ್ಲಿ ನನ್ನ ಸೋಲಿಸು. ನಾಡಿದ್ದೇ ಹೊರಡು."

ಆ ಸಾವ್ಕಾರ್ತಿಯ ಅತ್ತೆ ಇನ್ನೂ ಇದ್ದರು. ಒಳಗಿನ ಕೋಣೇಲಿ, ಕಿವಿ ಬಲು ಮಂದ. ಮಾರನೇ ದಿನ ಬೆಳಿಗ್ಗೆ ನಾನು ಅಜ್ಜಿಗೆ ಎಲೆಅಡಿಕೆ ಕುಟ್ಟಿಕೊಡೋಕೆ ಹೋದೆ. ಕೈ ಕುಟ್ಟುವಾಗ ಬಾಯಿ ಸುಮ್ಮನಿರುತ್ತಾ? ಅವರ ಕಿವಿಗೆ ಬಾಯಿ ಇಟ್ಟು ಒಂದೆರಡು ಮಾತು ಹೇಳಿದೆ. ಅಷ್ಟೇ.

ಮಧ್ಯಾಹ್ನ ಆಟ ಶುರುವಾಯಿತು. ಎಂದೂ ಹೊರಗೆ ಬರದ ಅಜ್ಜಿ ನನ್ನ ಹೆಗಲು ಹಿಡಿದು ಬಂದು ಹೊಸಿಲ ಮೇಲೆ ಕೂತರು. ಇಬ್ಬರಿಗೂ ಉಳಿದದ್ದು ಒಂದೊಂದೇ ಕಾಯಿ. ಸೊಸೆ ಮೂರು ಹಾಕಿ, ಅತ್ತೆಯ ಕಾಯಿ ಕಡಿದಳು. ಸಾವ್ಕಾರ್ತಿ ಉಳಿಸೋ ಗರ ಎಸೆದಳು. ನಾಲ್ಕು ಕವಡೇನೂ ಅಂಗಾತ.

"ನಾಕು! ಉಳೀತು!" ತೊಡೆ ತಟ್ಟಿದಳು. ಹುಡುಗಿ ತಲೆ ತಗ್ಗಿಸಿದಳು.

ಹೊಸಿಲಿಂದ ಅಜ್ಜಿ ಕೋಲು ಚಾಚಿ ಆ ಕಾಯಿ ಕುಟ್ಟಿದರು.

"ಏನೇ ಉಳಿಯೋದು? ನಾನಿನ್ನೂ ಉಸಿರಾಡ್ತಿದೀನಿ. ನಾನಿರೋವರೆಗೂ ಈ ಮನೇಲಿ ನೀನೂ ಸೊಸೇನೇ. ಸೊಸೇರಿಗೆ ಎಂಟು ಬೇಕಂತಲ್ಲ? ತೆಗಿ ಕಾಯಿ!"

ಮೇಷ್ಟ್ರ ಹೆಂಡ್ತಿ ಸೆರಗು ಬಾಯಿಗೆ ತುರುಕಿಕೊಂಡಳು. ಸಾವ್ಕಾರ್ತಿ ಕಾಯಿ ಎತ್ತಿ ಮೊದಲ ಮನೆಗೆ ಇಟ್ಟಳು. ಸೊಸೆಯ ಕಾಯಿ ಹಣ್ಣಾಯಿತು. ಮಾರನೇ ದಿನ ತರೀಕೆರೆ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಅವಳು ನಕ್ಕಿದ್ದನ್ನ ನಾನೇ ನೋಡಿದೆ.

ಬಸ್ಸು ಹೋದ ಮೇಲೆ ಸಾವ್ಕಾರ್ತಿ ಸೀದಾ ನನ್ನ ಬಾಗಿಲಿಗೆ ಬಂದಳು, ಸೊಂಟದ ಮೇಲೆ ಕೈ ಇಟ್ಟುಕೊಂಡು.

"ನಂಗೇನೂ ಗೊತ್ತಿಲ್ಲ ಅಕ್ಕ," ಅಂದೆ, ಅವಳು ಕೇಳೋ ಮೊದಲೇ.

"ನಮ್ಮತ್ತೆಗೆ ಕಿವಿ ಕೇಳಲ್ಲ ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ ಕಣೇ," ಅಂದಳು. "ಪಕ್ಕದ ಮನೇಲಿ ನಿನ್ನ ಬಾಯಿ ಇರುವಾಗ ಮುದುಕಿಗೆ ಕಿವಿ ಯಾಕೆ ಬೇಕು!"