ಕಿವಿರು ನೋಡಿದ ತಪ್ಪಿಗೆ ಹತ್ತರಲ್ಲಿ ಮೂರು

ತರಬೇತಿಗೆ ಹೋಗಿ ಬಂದ ಮೇಷ್ಟ್ರನ್ನು ಒಂದು ವಾರ ಜಗಲಿಯಲ್ಲೇ ಕೂರಿಸಿ, ಆಮೇಲೆ ಒಳಗೆ ಬಿಟ್ಟುಕೊಳ್ಳಬೇಕು. ಹೊಸದಾಗಿ ಕಲಿತದ್ದರ ಬಿಸಿ ಆರುವ ತನಕ ಅವರನ್ನು ನಂಬುವ ಹಾಗಿಲ್ಲ. ಇದು ಯಾರೋ ಹೇಳಿದ ಮಾತಲ್ಲ, ನನ್ನ ಸ್ವಂತ ಅನುಭವ.

ಬೈಂದೂರಿನ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ನನ್ನನ್ನು, ಮಕ್ಕಳಿಗೆ ಆಪ್ತ ಸಮಾಲೋಚನೆ ಮಾಡಲೆಂದು ಬ್ರಹ್ಮಾವರದಲ್ಲಿ ನಡೆದ ಎರಡು ದಿನದ ತರಬೇತಿಗೆ ಕಳಿಸಿದರು, ಅದೂ ಅಕ್ಟೋಬರ್ ರಜೆಯಲ್ಲಿ. ಅಲ್ಲಿ ಕಲಿಸಿದ ವಿದ್ಯೆ ಸುಲಭದ್ದು. ಸಮಸ್ಯೆಯ ಬುಡ ಕೆದಕುತ್ತಾ ಕೂರಬಾರದು, ಪರಿಹಾರದ ಕಡೆ ಮುಖ ಮಾಡಬೇಕು, ನಾಲ್ಕಾರು ಭೇಟಿಯಲ್ಲಿ ಮುಗಿಸಬೇಕು. ನಿದ್ದೆಯಲ್ಲಿದ್ದಾಗ ಪವಾಡ ನಡೆದು ಸಮಸ್ಯೆ ಮಾಯವಾದರೆ, ಬೆಳಿಗ್ಗೆ ಅದು ಯಾವುದರಿಂದ ಗೊತ್ತಾಗುತ್ತದೆ ಎಂದು ಕೇಳಬೇಕು. ಈಗ ಹತ್ತರಲ್ಲಿ ಎಷ್ಟರಲ್ಲಿದ್ದೀರಿ, ಒಂದಂಕಿ ಮೇಲೇರಲು ಏನಾಗಬೇಕು ಎಂದೂ ಕೇಳಬೇಕು. ಬುಡ ಕೆದಕಬಾರದು ಎಂಬುದು ನನಗೆ ಬಹಳ ಹಿಡಿಸಿತು. ಏಕೆಂದರೆ ಆಗ ನಮ್ಮ ಮನೆಯ ಸಮಸ್ಯೆಯ ಬುಡ ನಾನೇ.

ಇಪ್ಪತ್ತು ವರ್ಷದಿಂದ ನಮ್ಮ ಮನೆಗೆ ಮೀನು ತರುವವಳು ಕಡಲಬದಿಯ ಕೋಡಿಯ ಗಿರ್ಜಕ್ಕ. ಮೀನು ಒಂದು ನೆಪ. ಬುಟ್ಟಿ ಇಳಿಸಿ, ಎಲೆಯಡಿಕೆ ಹಾಕಿಕೊಂಡು, ನನ್ನ ಹೆಂಡತಿ ಸುಮತಿಯ ಜೊತೆ ಅರ್ಧ ಗಂಟೆ ಊರಸುದ್ದಿ ಮಾತಾಡುವುದೇ ಮುಖ್ಯ. ನಮ್ಮ ಮಗಳು ಹುಟ್ಟಿದಾಗ ಎಣ್ಣೆ ಹಚ್ಚಿ ಮೀಯಿಸಿದ್ದೂ ಅವಳೇ. ತಾಯಿ ಇಲ್ಲದ ಸುಮತಿಗೆ ಅವಳೇ ತಾಯಿ. ಮಾರ್ಕೆಟ್ಟಿನಲ್ಲಾದರೆ ಕಿವಿರು ಎತ್ತಿ, ಕೆಂಪಗಿದೆಯೋ ನೋಡಿ ಮೀನು ಕೊಳ್ಳಬಹುದು. ಮನೆಗೆ ಬರುವ ಖಾಯಂ ಬುಟ್ಟಿಯಲ್ಲಿ ಹಾಗೆ ನೋಡುವ ಕ್ರಮವಿಲ್ಲ, ಅವಳು ಹಾಕಿದ್ದನ್ನು ತೆಗೆದುಕೊಳ್ಳಬೇಕು. ತಾಜಾ ಮೀನು ಗುರುತಿಸುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೊ ನೋಡಿದ ಉಮೇದಿನಲ್ಲಿ, ನಾನು ಒಂದು ದಿನ ಅವಳ ಬುಟ್ಟಿಯ ಎರಡು ಬಂಗುಡೆ ಮೀನಿನ ಕಿವಿರು ಬಿಡಿಸಿ ನೋಡಿಬಿಟ್ಟೆ. ಗಿರ್ಜಕ್ಕ ಬುಟ್ಟಿ ಎತ್ತಿಕೊಂಡು ಹೋದವಳು ಹನ್ನೆರಡು ದಿನವಾದರೂ ಬರಲಿಲ್ಲ. ಸುಮತಿ ದಿನಾ ಹತ್ತು ಗಂಟೆಗೆ ಗೇಟಿನ ಕಡೆ ನೋಡಿ ಒಳಗೆ ಹೋಗುತ್ತಿದ್ದಳು.

ತರಬೇತಿಯಿಂದ ಬಂದವನೇ ಅವಳೆದುರು ಕುಳಿತು, ದನಿ ಮೆತ್ತಗೆ ಮಾಡಿಕೊಂಡು ಪವಾಡದ ಪ್ರಶ್ನೆ ಕೇಳಿದೆ. ಅವಳು ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಬೆಳಿಗ್ಗೆ ಎದ್ಕಂಡ್ ನೀವ್ ಬಾಯ್ ಮುಚ್ಕಂಡ್ ಇದ್ರೆ ಗೊತ್ತಾತ್ತ್, ಪವಾಡ ಆಯ್ತ್ ಅಂದ್ಹೇಳಿ.”

ಹತ್ತರಲ್ಲಿ ಎಷ್ಟು ಎಂದದ್ದಕ್ಕೆ ಮೂರು ಎಂದಳು. ನಮ್ಮ ಶಾಲೆಯಲ್ಲಿ ನೂರಕ್ಕೆ ಮೂವತ್ತೈದು ಬಂದರೆ ಪಾಸು. ಅಂದರೆ ಲೆಕ್ಕದ ಮೇಷ್ಟ್ರೇ ಫೇಲು. ಒಂದಂಕಿ ಏರಬೇಕಾದರೆ ಏನಾಗಬೇಕೆಂದು ಕೇಳಿದೆ. ಸಿಪ್ಪೆ ಊದಿ, ಕೋಡಿಗೆ ಹೋಗುವ ದಾರಿ ನನಗೆ ಗೊತ್ತಿಲ್ಲವೇ ಎಂದು ತಿರುಗಿ ನನ್ನನ್ನೇ ಕೇಳಿದಳು.

ಹೋದೆ. ಗಿರ್ಜಕ್ಕ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ಅವಳ ಮುಖ ಕಂಡದ್ದೇ ತರಬೇತಿ ಮರೆತುಹೋಯಿತು. ಆ ದಿನ ಯಾಕೆ ಹಾಗೆ ಮಾಡಿದೆ, ವಿಡಿಯೊದವನು ಏನು ಹೇಳಿದ್ದ, ನನ್ನ ಮನಸ್ಸಿನಲ್ಲಿ ಏನಿರಲಿಲ್ಲ ಎಂದೆಲ್ಲ ಬುಡವನ್ನೇ ಕೆದಕತೊಡಗಿದೆ. ಅವಳು ಅರ್ಧಕ್ಕೇ ತಡೆದಳು.

“ಹ್ವಾಯ್ ಮಾಷ್ಟ್ರೆ, ಆದ್ದ್ ಆಯ್ತ್. ಅದ್ನೇ ಎಂತಕ್ಕೆ ಮಗುಚಿ ಮಗುಚಿ ಹಾಕ್ತ್ರಿ? ನಾಳಿಗ್ ಬತ್ತೆ. ತಟ್ಟೆ ನೀವೇ ಹಿಡ್ಕಣಿ, ನಾನ್ ಹಾಕಿದ್ದ್ ತಕಣಿ.”

ನಮಗೆ ಎರಡು ದಿನ ಕೂರಿಸಿ ಹೇಳಿಕೊಟ್ಟದ್ದನ್ನು ಅವಳು ಬಗ್ಗಿದ ಸೊಂಟ ಎತ್ತದೆ ಮುಗಿಸಿದಳು.

ಮರುದಿನ ಹತ್ತು ಗಂಟೆಗೆ ಗೇಟು ಕಿರುಗುಟ್ಟಿತು. ನಾನು ತಟ್ಟೆ ಹಿಡಿದೆ. ಗಿರ್ಜಕ್ಕ ಹಾಕಿದ ಬಂಗುಡೆಗಳಲ್ಲಿ ಒಂದರ ಕಣ್ಣು ಸ್ವಲ್ಪ ಮಂಕಾಗಿತ್ತು. ಬೇಕೆಂದೇ ಹಾಕಿದಳೋ ಏನೋ. ನನ್ನ ಬಾಯಿ ತಾನಾಗಿ ತೆರೆಯಿತು. ಹೊಸಿಲಲ್ಲಿ ನಿಂತ ಸುಮತಿ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿಕೊಂಡೆ. ಆಮೇಲೆ ಅವರಿಬ್ಬರೂ ಮೆಟ್ಟಿಲ ಮೇಲೆ ಕುಳಿತು ಹನ್ನೆರಡು ದಿನದ ಬಾಕಿ ಸುದ್ದಿ ಬಿಚ್ಚಿದರು. ಒಳಗಿದ್ದ ನನಗೆ ಸುಮತಿಯ ನಗು ಕೇಳಿ ಜೀವ ಬಂದ ಹಾಗಾಯಿತು.

ಮಧ್ಯಾಹ್ನ ಅವಳು ಬಡಿಸುವಾಗ ತಡೆಯಲಾಗಲಿಲ್ಲ. ಈಗ ಹತ್ತರಲ್ಲಿ ಎಷ್ಟು ಎಂದು ಕೇಳಿಯೇಬಿಟ್ಟೆ.

“ಐದ್ ಕೊಡುವ ಅಂದ್ಕಂಡಿದ್ದೆ. ಬಾಯ್ ಬಿಟ್ರಿ ಅಲ್ದಾ, ನಾಲ್ಕೇ.”

ನಾಲ್ಕೆಂದರೆ ನಲವತ್ತು, ಪಾಸು. ಮರುಮೌಲ್ಯಮಾಪನಕ್ಕೆ ಹಾಕುವ ಧೈರ್ಯವಾಗದೆ, ಆ ಮಂಕುಕಣ್ಣಿನ ಬಂಗುಡೆಯನ್ನೇ ಬಾಯಿತುಂಬ ಹಾಕಿಕೊಂಡು ಸುಮ್ಮನಾದೆ.