ಕೆಮ್ಮುತ್ತಿದ್ದ ಖಾಲಿ ಮನೆ

ನಮ್ಮ ಮಾಮಾನ ಮನೆಗೆ ಕಳ್ಳ ನುಗ್ಗಿದರೆ ಅಯ್ಯೋ ಪಾಪ ಅನ್ನಬೇಕಾದದ್ದು ಕಳ್ಳನಿಗೆ! ಚಿನ್ನ ಎಲ್ಲಿದೆ ಅಂತ ಬಚ್ಚಿಟ್ಟ ಮಾಮಾನಿಗೇ ನೆನಪಿರುವುದಿಲ್ಲ, ಇನ್ನು ಅವನಿಗೆ ಹೇಗೆ ಸಿಗಬೇಕು? ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟೆ, ಕಟ್ ಅಂತು. ಮಾಮಾ ತಾಟು ಬಿಟ್ಟು ಹಾರಿಬಂದು ನನ್ನ ಗದ್ದ ಹಿಡಿದರು.

“ನುಂಗಬ್ಯಾಡ! ನಿಮ್ಮತ್ತಿ ಬೆಂಡೋಲಿ ಅದು!”

ಕಿವಿಯ ಓಲೆಯನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು ಮರೆತಿದ್ದರಂತೆ. ನನ್ನ ಹಲ್ಲಿನ ಬಗ್ಗೆ ಯಾರೂ ವಿಚಾರಿಸಲಿಲ್ಲ ಬಿಡಿ.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು, ನಾಚಾರಂನ ಕಾರ್ಖಾನೆಯಲ್ಲಿ ದುಡಿದು, ಅಲ್ಲೇ ಸಣ್ಣದೊಂದು ಮನೆ ಕಟ್ಟಿಕೊಂಡವರು. ಅತ್ತೆಗೆ ಮದುವೆಯಾದಾಗಿನಿಂದ ಒಂದೇ ಆಸೆ, ಸಮುದ್ರ ನೋಡಬೇಕು. ಆದರೆ ಮನೆ ಬಿಟ್ಟು ಹೋಗುವುದು ಹೇಗೆ? “ಸಮುದ್ರ ಎಲ್ಲಿ ಓಡಿ ಹೋಗ್ತೈತಿ? ಟಿವಿ ಹೋಗ್ತೈತಿ!” ಅನ್ನುತ್ತಿದ್ದರು ಮಾಮಾ. ಕೊನೆಗೆ ಅತ್ತೆ ಮಾತು ಬಿಟ್ಟರು. ಮಾಮಾ ಗೋವಾಕ್ಕೆ ಒಪ್ಪಿದರು, ಜೊತೆಗೆ ನನ್ನನ್ನೂ ಎಳೆದುಕೊಂಡರು.

ಆಮೇಲೆ ಶುರುವಾಯಿತು ನೋಡಿ ತಯಾರಿ! ಹಳೇ ಸಾಮಾನಿನ ಸಂತೆಯಿಂದ ದೈತ್ಯಾಕಾರದ ಬೂಟುಗಳು ಬಂದು ಬಾಗಿಲ ಮುಂದೆ ಕೂತವು. ಹಗ್ಗದ ಮೇಲೆ ಪೈಲ್ವಾನನ ಅಳತೆಯ ಬನಿಯನ್‌ಗಳು ನೇತಾಡಿದವು. ಹೊರಗೆ ಬೀಗ ಕಂಡರೆ ಕಳ್ಳನನ್ನು ಕರೆದಂತೆ ಅಂತ, ಎಳೆದರೆ ತಾನೇ ಒಳಗಿಂದ ಬೀಳುವ ಲಾಕು ಹಾಕಿಸಿದರು. ಎಲ್ಲಕ್ಕೂ ಮಿಗಿಲಾಗಿ ಅಟ್ಟದ ಮೇಲಿದ್ದ ಹಳೇ ಟೇಪ್ ರೆಕಾರ್ಡರ್ ಕೆಳಗಿಳಿಯಿತು. ಒಂದು ಕಡೆ ಮುಗಿದರೆ ತಾನೇ ಇನ್ನೊಂದು ಕಡೆ ತಿರುಗುವ ಜಾತಿಯದು. ಕ್ಯಾಸೆಟ್ಟಿನ ತುಂಬ ಮಾಮಾ ತಮ್ಮದೇ ಧ್ವನಿ ತುಂಬಿದರು. ಎರಡು ಕೆಮ್ಮು, ಒಂದು ಆಕಳಿಕೆ, ನಡುನಡುವೆ “ಬಂದೆ, ತಡೀಪಾ!”

“ಕರೆಂಟ್ ಹೋದ್ರ?” ಅಂದೆ.

“ಶೆಲ್ ಹಾಕೀನಿ. ನಾನೇನ್ ಹುಚ್ಚದೀನೇನು?”

ನಾನು ಹಗ್ಗದ ಮೇಲಿನ ಬನಿಯನ್‌ಗಳನ್ನು ಎಣಿಸತೊಡಗಿದೆ.

ಹೊರಡುವ ದಿನ ಬಟ್ಟೆಬರೆಯೆಲ್ಲ ಜೋಳದ ಚೀಲಕ್ಕೆ ಹೋದವು. ಸೂಟ್‌ಕೇಸ್ ಕಂಡರೆ ಓಣಿಗೆಲ್ಲ ಗೊತ್ತಾಗುತ್ತದಲ್ಲ! ಅತ್ತೆ ಹರಕು ಸೀರೆಯಲ್ಲೇ ಆಟೋ ಹತ್ತಿದರು. ಎದುರುಮನೆಯ ತೆಲುಗು ಅಂಕಲ್ ಗೇಟಿನಲ್ಲಿ ನಿಂತು, “ಎಕ್ಕಡಿಕಿ ಸಾರ್?” ಎಂದು ಎಲ್ಲಿಗೆ ಹೊರಟೆವೆಂದು ವಿಚಾರಿಸಿದರು.

“ಪಿಂಡಿ ಗಿರ್ನಿಕಿ!” ಎಂದು ಕೂಗಿದರು ಮಾಮಾ. ಹಿಟ್ಟಿನ ಗಿರಣಿ ಇರುವುದು ಅದೇ ಓಣಿಯ ತುದಿಯಲ್ಲಿ. ಅಲ್ಲಿಗೆ ಆಟೋದಲ್ಲಿ ಮೂರು ಜನ! ಅಂಕಲ್ ನಮ್ಮನ್ನೇ ನೋಡುತ್ತ ನಿಂತರು.

ಗೋವಾದಲ್ಲಿ ಅತ್ತೆ ಮೊದಲ ಅಲೆಗೇ ಹುಡುಗಿಯಂತೆ ಕಿರುಚಿದರು. ಮಾಮಾ ಪ್ಯಾಂಟು ಮಡಚಿ ನಿಂತಿದ್ದರು, ಫೋನು ಬಂದ್. ಯಾಕೆ ಅಂದರೆ, “ಕಳ್ಳ ಫೋನ್ ಮಾಡ್ದಾ ಅಂದ್ರ ಹಿಂದ ಸಮುದ್ರ ಸಪ್ಪಳ ಕೇಳ್ತೈತಿ!”

ಆಗ ನನ್ನ ಫೋನು ಬಡಿದುಕೊಂಡಿತು. ಎದುರುಮನೆಯ ಅಂಕಲ್. ಅಳುತ್ತಿದ್ದರು. ನಡೆದದ್ದಿಷ್ಟು. ಮನೆಯಲ್ಲೇನೋ ಪೂಜೆ ಅಂತ ಪ್ರಸಾದ ಕೊಡಲು ಹೋಗಿ ಬಾಗಿಲು ಬಡಿದಿದ್ದಾರೆ. ಒಳಗಿಂದ ಕೆಮ್ಮು, “ಬಂದೆ, ತಡೀಪಾ!” ಕಾದಿದ್ದಾರೆ. ಮತ್ತೆ ಕೆಮ್ಮು, ಮತ್ತೆ “ಬಂದೆ!” ಬಂದವರು ಯಾರೂ ಇಲ್ಲ. ಅಷ್ಟರಲ್ಲಿ ಓಣಿಯ ಕರೆಂಟು ಹೋಯಿತು, ಟೇಪು ಶೆಲ್ಲಿನ ಮೇಲೆ ನಡೆಯಿತು. ಮಾಮಾ ಹಾಕಿದ್ದು ಯಾವ ಕಾಲದ ಶೆಲ್ಲೋ, ದಮ್ಮು ಕಳೆದುಕೊಂಡವು. ಧ್ವನಿ ಎಳೆಯತೊಡಗಿತು. “ಬಂ...ದೆ... ತ...ಡೀ...” ಆಮೇಲೆ ಗೊರಗೊರ. ಆಮೇಲೆ ಸದ್ದಿಲ್ಲ! ಆ ಮನುಷ್ಯ ಹೆಗಲು ಕೊಟ್ಟು ಬಾಗಿಲನ್ನೇ ಮುರಿದುಬಿಟ್ಟಿದ್ದಾರೆ. ಒಳಗೆ ಹೆಣವೂ ಇಲ್ಲ, ಜೀವವೂ ಇಲ್ಲ. ಗಾಬರಿಯಾಗಿ ನನಗೆ ಫೋನು.

ನನ್ನ ಮುಖ ನೋಡಿ ಮಾಮಾ ಕೇಳಿದರು, “ಯಾಕೋ? ಯಾರು ಹೋದ್ರಂತ?”

“ನೀವರೀ, ಮಾಮಾ.”

ಮರುದಿನವೇ ಮರಳಿದೆವು. ಮುರಿದ ಬಾಗಿಲಿಗೆ ಅಡ್ಡವಾಗಿ ಅಂಕಲ್ ಕುರ್ಚಿ ಹಾಕಿಕೊಂಡು ಕೂತಿದ್ದರು, ಒಂದು ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ಒಳಗೆ ಒಂದು ಚಮಚವೂ ಕದಲಿರಲಿಲ್ಲ. ಬೈಗುಳಕ್ಕೆ ತಯಾರಾಗಿದ್ದ ಮಾಮಾನನ್ನು ಅವರು ಉಳಿದ ಒಂದೇ ಕೈಯಲ್ಲಿ ತಬ್ಬಿಕೊಂಡರು.

ಆವತ್ತು ಸಂಜೆ ಮಾಮಾ ಎಳ್ಳೆಣ್ಣೆ ಕಾಯಿಸಿಕೊಂಡು ಎದುರುಮನೆಗೆ ಹೋದರು. ನಾನೂ ಹೋದೆ. ಅಂಕಲ್ ಬೇಡ ಬೇಡ ಅಂದರೂ ಬಿಡದೆ ಊದಿದ ಹೆಗಲಿಗೆ ಮೆಲ್ಲಗೆ ಹಚ್ಚತೊಡಗಿದರು. ಅಂಕಲ್‌ಗೆ ಕನ್ನಡ ಬಾರದು. ಅದಕ್ಕೇ ಇರಬೇಕು, ಮಾಮಾ ಕನ್ನಡದಲ್ಲೇ ಅಂದರು.

“ಈ ಊರಾಗ ನಾ ಸತ್ರ ಯಾರು ಬರ್ತಾರ ಅನ್ಕೊಂಡಿದ್ದೆ. ನೀವು ಬಾಗ್ಲಾ ಒಡಕೊಂಡು ಬಂದ್ರಿ.”

ಏನನ್ನುತ್ತಿದ್ದಾರೆ ಅಂತ ಕೇಳಲು ಅಂಕಲ್ ನನ್ನತ್ತ ತಿರುಗಿದರು. “ಏಮಂಟುನ್ನಾರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ಮುಖ ಆಚೆ ತಿರುಗಿಸಿ ಅಂದರು:

“ಎಣ್ಣಿ ಭಾಳ ಬಿಸಿ ಐತೇನು ಅಂತ ಕೇಳಾಕತ್ತೀನಿ ಅನ್ನು.”