ಪುರೇಸೋಮ್ ಕಂಪನಿಯಲ್ಲಿ ಇಲ್ಲದ ವಸ್ತು

ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿನ ಪುರೇಸೋಮ್ ಕಂಪನಿಯ ವಾರ್ಷಿಕ ಮಹಾಸಭೆಯು, ಕಂಪನಿಯ ಉದ್ದೇಶಗಳಲ್ಲಿ ‘ಕಡಲಪಾಚಿ ಹುರಿದು ಮಾರುವುದು’ ಎಂಬುದರ ಕೆಳಗೆ ‘ಕೃತಕ ಬುದ್ಧಿಮತ್ತೆ’ ಎಂದು ಸೇರಿಸಲು ಸರ್ವಾನುಮತದಿಂದ ಒಪ್ಪಿತು. ಆಮೇಲೆ ಎಲ್ಲರೂ ಊಟಕ್ಕೆ ಹೋದರು. ಆಕ್ಟೋಪಸ್ ಸಾರು ಮುಗಿಸಿ ಬರುವಷ್ಟರಲ್ಲಿ ಷೇರು ಒಂದು ದಿನದಲ್ಲಿ ಏರಬಹುದಾದ ಮೇಲ್ಮಿತಿ ಮುಟ್ಟಿ ಕೂತಿತ್ತು.

ಬೆಲೆ ಹೀಗೆ ಹುಚ್ಚೆದ್ದು ಕುಣಿದರೆ ಷೇರುಪೇಟೆಯವರು ಕಾರಣ ಕೇಳುವುದು, ಕಂಪನಿ ಮರುದಿನ ಸಂಜೆಯೊಳಗೆ ಬಹಿರಂಗವಾಗಿ ಉತ್ತರಿಸುವುದು ಅಲ್ಲಿನ ಕ್ರಮ. ಉತ್ತರಕ್ಕೆ ಸಹಿ ಹಾಕಬೇಕಾದವಳು ಪ್ರಕಟಣೆ ವಿಭಾಗದ ತಾಕ್ ರಾನ್‌ಹಿ. ಷೇರು ಇಳಿದರೆ ಬೇರೆ ಕೆಲಸ ಹುಡುಕಿಕೊಳ್ಳಿ ಎಂದು ಅಧ್ಯಕ್ಷ ಮೋ ಚಾಂಗ್‌ಗ್ಯು ಆಗಲೇ ಹೇಳಿದ್ದರು. ಸುಳ್ಳು ಬರೆದರೆ ಜೈಲು, ನಿಜ ಬರೆದರೆ ಮನೆ. ರಾನ್‌ಹಿ ಮಗಳ ಟ್ಯೂಷನ್ ಫೀಸಿನ ಲೆಕ್ಕ ಹಾಕಿದಳು. ಆದರೂ ಜೈಲಿಗಿಂತ ಮನೆಯೇ ವಾಸಿ ಅನ್ನಿಸಿತು.

“ನಮ್ಮಲ್ಲಿ ಕೃತಕ ಬುದ್ಧಿಮತ್ತೆ ಇರುವುದಿಲ್ಲ. ಅದನ್ನು ಬಲ್ಲವರೂ ಇರುವುದಿಲ್ಲ. ಹುರಿಯುವ ಯಂತ್ರ ಒಂದಿದ್ದು, ಅದಕ್ಕೆ ಆಗಾಗ ಒದೆಯಬೇಕಾಗುತ್ತದೆ,” ಎಂದು ಬರೆದು ಸಹಿ ಹಾಕಿ, ಆಫೀಸಿನಲ್ಲಿಟ್ಟಿದ್ದ ತನ್ನ ಚಪ್ಪಲಿ, ಹಲ್ಲುಜ್ಜುವ ಬ್ರಷ್ ಎರಡನ್ನೂ ಚೀಲಕ್ಕೆ ತುಂಬಿಕೊಂಡಳು.

ಷೇರು ಮತ್ತೆ ಮೇಲ್ಮಿತಿ ಮುಟ್ಟಿತು.

ಗ್ವಾಂಗ್‌ಜುವಿನ ಟ್ಯಾಕ್ಸಿ ಚಾಲಕನೊಬ್ಬ, ಸಣ್ಣ ಷೇರುದಾರ, ಫೋನ್ ಮಾಡಿದ.

“ಮೇಡಂ, ಇಟ್ಕೊಳ್ದೇ ಇರೋರೆಲ್ಲ ಇದೆ ಇದೆ ಅಂತ ಬಡ್ಕೋತಾರೆ. ಇಷ್ಟು ಖಡಾಖಂಡಿತವಾಗಿ ಇಲ್ಲ ಅಂದೋರು ನೀವೇ ಮೊದಲು. ಎಷ್ಟು ದೊಡ್ಡದಿದೆ, ಅಷ್ಟು ಹೇಳಿಬಿಡಿ ಸಾಕು.”

“ಇಲ್ಲವೇ ಇಲ್ಲ ಕಣ್ರೀ. ನಮ್ಮಮ್ಮನಾಣೆ.”

“ಅರ್ಥ ಆಯ್ತು ಬಿಡಿ. ಪಕ್ಕದಲ್ಲಿ ಯಾರೋ ಇದ್ದಾರೆ ಅನ್ಸುತ್ತೆ,” ಎಂದು ದನಿ ತಗ್ಗಿಸಿದವನು ಫೋನಿಟ್ಟು ಇನ್ನಷ್ಟು ಷೇರು ಕೊಂಡ.

ಅಧ್ಯಕ್ಷರು ಖುದ್ದಾಗಿ ಬಂದು ತಲೆಬಾಗಿ ಕ್ಷಮೆ ಕೇಳಿದರು. ರಾನ್‌ಹಿಯ ಮೇಲ್ವಿಚಾರಣೆಯಲ್ಲಿ ‘ನಿರಾಕರಣೆ ವಿಭಾಗ’ ಸ್ಥಾಪನೆಯಾಯಿತು. ಕಂಪನಿಯಲ್ಲಿ ಇಲ್ಲದ ವಸ್ತುಗಳನ್ನು ತಿಂಗಳಿಗೊಮ್ಮೆ ಖುದ್ದು ಪರಿಶೀಲಿಸಿ ದೃಢೀಕರಿಸತಕ್ಕದ್ದು ಎಂದು ನಿಯಮವೂ ಬಂತು. ಎದುರು ರಸ್ತೆಯ ಮೀನಿನ ವಡೆ ಕಂಪನಿಯವರು ಇದನ್ನು ನೋಡಿ ತಮ್ಮಲ್ಲೂ ಇಲ್ಲ ಎಂದು ಪ್ರಕಟಿಸಿದರು. ಪಾಪ, ಅವರ ಮಾತನ್ನು ಜನ ನಂಬಿಬಿಟ್ಟರು, ಷೇರು ನೆಲಕಚ್ಚಿತು.

ಸೋಮವಾರ ಪುರೇಸೋಮ್ ಷೇರೂ ಕೊಂಚ ಇಳಿಯಿತು. ಅಧ್ಯಕ್ಷರು ನಿರಾಕರಣೆ ವಿಭಾಗದ ಬಾಗಿಲಲ್ಲಿ ನಿಂತರು.

“ರಾನ್‌ಹಿ ಅವರೇ, ಈ ವಾರ ನಮ್ಮಲ್ಲಿ ಏನು ಇಲ್ಲ ಅಂತ ಹೇಳೋಣ?”

“ರೋಬೋಟ್ ಇಲ್ಲ, ಅಧ್ಯಕ್ಷರೇ.”

“ಲಾಭ?”

“ಅದೂ ಇಲ್ಲ. ಆದ್ರೆ ಅದನ್ನ ಯಾರೂ ಕೇಳ್ತಿಲ್ಲ.”

ಅಧ್ಯಕ್ಷರು ಸ್ವಲ್ಪ ಯೋಚಿಸಿ, ರೋಬೋಟಿಗೇ ಒಪ್ಪಿಗೆ ಕೊಟ್ಟರು.